ಒಂದ ಉಸುರಿನ ಜರ್ಮನ್

ಖಾನಾಪುರದ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸೂದೇನಂದ್ರ, ಸೋಮವಾರ ಮುಂಜಾನೆ ಹತ್ತೂವರಿಗೆ ನರ್ಸಿಂಗ್ ಕಾಲೇಜಿನ ಜರ್ಮನ್ ಕ್ಲಾಸಿನ್ಯಾಗ ಆಕಳಿಕಿ ಬಂತು. ಬಂದದ್ದು ಕಲಿಯೋರಿಗಲ್ಲ, ಕಲಿಸೋ ತ್ರಿಶಲಾ ಮೇಡಮ್ಮಗ.

ಬರದ ಏನ್ ಮಾಡೀತು? ಬೆಳಗಾವಿ ಅನಗೋಳದ ಮನಿಯಿಂದ ದಿನಾ ಎರಡ ಬಸ್ ಬದಲಿಸಿ, ನಿಂತಕೊಂಡ ಬರಬೇಕು. ಬಂದ್ರ, ಹೆಸರ ಹಚ್ಚಿದ ಇಪ್ಪತ್ತಾರ ಹುಡುಗ್ಯಾರಾಗ ಕುಂತಾವ್ರು ಆರ ಮಂದಿ. ಜರ್ಮನಿ ದವಾಖಾನಿ ನೌಕರಿ ಎಲ್ಲಾರಿಗೂ ಬೇಕು, ಭಾಷಾ ಯಾರಿಗೂ ಬ್ಯಾಡ. ಮನ್ಯಾಗ ಅತ್ತಿಗಂತೂ ಜರ್ಮನ್ ಅಂದ್ರ ಅಡಗಿಮನಿ ಅಲ್ಯೂಮಿನಿಯಂ ಬೋಗೋಣಿ. "ಇನ್ನೂ ಅದನ್ನ ತಿಕ್ಕಾಕತ್ತೀಯೇನವಾ?" ಅಂತ ದಿನಾ ಕೇಳ್ತಾಳ.

ಅವತ್ತ ಕಾಲೇಜಿನ ಬೆಳಗಾವಿ ಮೇನ್ ಆಫೀಸಿನ ಓಂಕಾರ ಸರ್ ಫೋನ್ ಬ್ಯಾರೆ. "ಮುಂದಿನ ಗುರುವಾರ ಹತ್ತರಿಂದ ಹನ್ನೊಂದರ ತನಕ ತಪಾಸಣಿ ಐತ್ರಿ. ಇಪ್ಪತ್ತ ಮಂದಿ ಹಾಜರ ಇರದಿದ್ರ ಕ್ಲಾಸ್ ಬಂದ್. ನಿಮ್ಮ ನೌಕರೀನೂ."

ಕಿಟಕ್ಯಾಗ ನೋಡಿದ್ರ, ಉಳದ ಇಪ್ಪತ್ತೂ ಮಂದಿ ಮೈದಾನದಾಗ ಕಬಡ್ಡಿ ಆಡಾಕತ್ತಿದ್ರು. ಬೈಯಾಕೂ ತ್ರಾಣ ಇರಲಿಲ್ಲ ಆಕಿಗೆ. ಹೋಗಿ ಅಂದಳು, "ಆಡ್ರವಾ. ಆದ್ರ ಕಬಡ್ಡಿ ಕಬಡ್ಡಿ ಅನ್ನೂ ಬದ್ಲಿ 'ಇಶ್ ಬಿನ್, ದು ಬಿಸ್ಟ್' ಅನ್ರಿ. ತಪ್ಪಿದ್ರ ಔಟ್."

"ಉಸುರ ಹಿಡದ ಅನ್ನಬೇಕೇನ್ರಿ ಮೇಡಂ?" ಸಪ್ನಾ ಕೇಳಿದಳು.

"ಹೂಂ. ನಾ ದಿನಾ ಬಸ್ಸಿನ್ಯಾಗ ಹಿಡ್ಯಾಂಗಿಲ್ಲೇನ?"

ದಿನಾ ಒಂದ ಹೊಸಾ ಪಾಠ ಕೂಡಿಸಿದಳು, ಹತ್ತ ದಿನದಾಗ ಆಟ ಹುಚ್ಚ ಹಿಡಿಸಿತು. ಎದುರಿನಾಕಿ ತಪ್ಪ ಹಿಡದ ಔಟ್ ಮಾಡಾಕ ಅಂತ ಪುಸ್ತಕ ಮುಟ್ಟದಾವ್ರೆಲ್ಲಾ ಪುಸ್ತಕ ಬಾಯಿಪಾಠ ಮಾಡಿದ್ರು. ಒಳಗಿನ ಆರ ಮಂದೀನೂ ಹೊರಗ ಬಂದ್ರು.

ಗುರುವಾರ ಹತ್ತಕ್ಕ ಸರಿಯಾಗಿ ಓಂಕಾರ ಸರ್ ಬಂದ್ರು, ಮೈದಾನದ ದಂಡಿಗೇ ನಿಂತ್ರು. ಸಪ್ನಾ ಒಂದ ಉಸುರಿನ್ಯಾಗ ಜರ್ಮನ್ ಒದರಿಕೋತ ಹೋಗಿ ಮೂರ ಮಂದೀನ ಮುಟ್ಟಿ ಬಂದಳು. "ಶಬ್ಬಾಸ್!" ಅಂದ್ರು ಸರ್, ಕೋಟ ಬಿಚ್ಚಿ ತಾವ ಅಂಪೈರ್ ಆದ್ರು. ತ್ರಿಶಲಾಗ ಎಷ್ಟೋ ದಿನದ ಮ್ಯಾಲ ಬೆನ್ನ ನೆಟ್ಟಗಾತು.

ಆಟ ಮುಗದ ಮ್ಯಾಲ ಸರ್ ಟ್ಯಾಬ್ ತಗದ್ರು. "ಕ್ಲಾಸ್ ಎಲ್ಲೈತ್ರಿ?"

"ಇದ ಕ್ಲಾಸ್ ರೀ ಸರ್."

"ಅಲ್ರೀ, ನಿಮ್ಮ ಕ್ಲಾಸ್ ಖೋಲಿ ನಂಬರ ನಾಕು. ಮೈದಾನದಾಗಿನ ಹಾಜರಿ ಎಲ್ಲಾ ಪಿ.ಟಿ. ಸರ್ ಕಡೆ ಹೋಗತೈತಿ."

ಪಿ.ಟಿ. ನಾಗಲಿಂಗ ಸರ್ ಬೇವಿನ ನೆಳ್ಳಿಗೆ ಕುಂತ ಚಾ ಕುಡ್ಯಾಕತ್ತಿದ್ರು. ಕುಂತಲ್ಲೇ ಅವರ ಹಾಜರಿಗೆ ಇಪ್ಪತ್ತಾರ ಮಂದಿ ಸಿಕ್ಕ್ರು.

"ಹಂಗಾರ ಈಗ ಒಳಗ ಕರೀತೀನ್ರಿ, ಎರಡ ನಿಮಿಷ!" ಅಂದಳು ತ್ರಿಶಲಾ.

"ತಪಾಸಣಿ ಹನ್ನೊಂದಕ್ಕ ಮುಗೀತಲ್ರಿ. ಹನ್ನೊಂದೂ ಐದ ಆತು."

"ನೀವ ಅಂಪೈರ್ ಆಗಿ ನಿಂತಿದ್ರಲ್ರೀ ಸರ್!"

"ಖರೇ ಐತ್ರಿ. ಭಾಳ ಛಲೋ ಆಡ್ತಾರ."

ನಾಗಲಿಂಗ ಸರ್ ಹಾಜರಿಗೆ ಸಹಿ ಹಾಕಿ ಕೇಳಿದ್ರು, "ಮೇಡಮ್ಮಾರ, ಈ ಇಶ್ ಬಿನ್ ಅಂದ್ರ ಏನ್ರಿ?"

"ನಾ ಅದೀನಿ ಅಂತ್ರಿ," ತ್ರಿಶಲಾ ಆಕಳಿಸಿಕೋತ ಅಂದಳು.

ಬಾಜೂಕ ಓಂಕಾರ ಸರ್ ಖೋಲಿ ನಾಕರ ಮುಂದ ಸೊನ್ನಿ ಒತ್ತಿದ್ರು.