ಎರಡನೇ ಮಹಡಿ, ಐದನೇ ಮಹಡಿ

ನನ್ನ ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಎಲ್ಲರಿಗೂ ಅವಳು ಬಟಾಣಿ. ಹುಟ್ಟಿದಾಗ ಅವಳಿಗೆ ಮಲ ಹೋಗುವ ದಾರಿಯೇ ಇರಲಿಲ್ಲ. ಎರಡನೇ ದಿನವೇ ಹೊಟ್ಟೆಯ ಮೇಲೆ ತೂತು ಮಾಡಿ ಚೀಲ ಅಂಟಿಸಿದರು. ಹತ್ತು ತಿಂಗಳಿಗೆ ಸರಿಯಾದ ಜಾಗದಲ್ಲಿ ದಾರಿ ಮಾಡಿದರು, ಆಮೇಲೆ ಮೇಲಿನ ತೂತು ಮುಚ್ಚಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತದೆ! ಮೂರು ದಿನ ಕಟ್ಟಿಕೊಳ್ಳುತ್ತದೆ, ನಾಲ್ಕನೇ ದಿನ ಅವಳಿಗೇ ತಿಳಿಯದಂತೆ ಚಡ್ಡಿಯಲ್ಲಿ ಹೋಗಿಬಿಡುತ್ತದೆ. ಒಗೆದು ಒಗೆದು ನನ್ನ ಬೆರಳ ತುದಿ ಸುಕ್ಕಾಗಿದೆ. ಅದಕ್ಕೆ ನನಗೆ ಬೇಜಾರಿಲ್ಲ.

ಕಳೆದ ವರ್ಷ ಬೆನ್ನಿನ ಸ್ಕ್ಯಾನ್ ಮಾಡಿಸಿದರು. ಇಂಥ ಮಕ್ಕಳಲ್ಲಿ ಕೆಲವರಿಗೆ ಬೆನ್ನುಹುರಿಯೂ ಸರಿಯಿರುವುದಿಲ್ಲವಂತೆ. ಬಟಾಣಿಯ ಬೆನ್ನುಹುರಿಯ ತುದಿ ಕೆಳಗೆ ಒಂದು ಕೊಬ್ಬಿನ ಗಂಟಿಗೆ ಅಂಟಿಕೊಂಡಿತ್ತು. ಅವಳು ಬೆಳೆದಷ್ಟೂ ಅದು ಜಗ್ಗುತ್ತದೆ, ಜಗ್ಗಿದಷ್ಟೂ ಕಾಲಿನ ಶಕ್ತಿ ಕುಂದುತ್ತದೆ. ಆಪರೇಷನ್ ಮಾಡಿ ಬಿಡಿಸಬೇಕು. ಅಷ್ಟರಲ್ಲಾಗಲೇ ಅವಳ ಎಡಪಾದ ನೆಲಕ್ಕೆ ಉಜ್ಜತೊಡಗಿತ್ತು. ಹೊಸ ಚಪ್ಪಲಿಯಲ್ಲಿ ಎಡಗಡೆಯದು ಮಾತ್ರ ಹದಿನೈದೇ ದಿನಕ್ಕೆ ಸವೆಯುತ್ತಿತ್ತು.

ಕರುಳಿನ ಡಾಕ್ಟರಮ್ಮ ಎರಡನೇ ಮಹಡಿ, ಮಂಗಳವಾರ. ಬೆನ್ನಿನ ಡಾಕ್ಟರು ಐದನೇ ಮಹಡಿ, ಶುಕ್ರವಾರ.

"ಮೊದಲು ಬೆನ್ನು ಬಿಡಿಸ್ಕೊಂಡು ಬನ್ನಿ. ನರ ಎಷ್ಟು ಕೆಲಸ ಮಾಡುತ್ತೆ ಅಂತ ಗೊತ್ತಾಗದೆ ಮತ್ತೆ ಕರುಳಿಗೆ ಕೈ ಹಾಕಲ್ಲ" ಎಂದರು ಎರಡನೇ ಮಹಡಿಯಲ್ಲಿ.

"ಮೊದಲು ಮಲ ಹತೋಟಿಗೆ ಬರಲಿ. ಗಾಯ ಆಗೋದು ಸೊಂಟದ ಕೆಳಗೆ. ಗಲೀಜು ತಾಗಿದ್ರೆ ಸೋಂಕು ಒಳಗೆ ಇಳಿಯುತ್ತೆ" ಎಂದರು ಐದನೇ ಮಹಡಿಯಲ್ಲಿ.

ಎರಡೂ ನ್ಯಾಯವಾದ ಮಾತೇ. ಎಂಟು ತಿಂಗಳು ಹೀಗೆಯೇ ಹತ್ತಿ ಇಳಿದೆವು. ಪಾದದ ವಿಷಯ ಪ್ರತಿ ಸಲವೂ ಹೇಳಿದೆ. "ಕಾಲು ನಮ್ಮದಲ್ಲಮ್ಮ, ಮೇಲೆ ಹೇಳಿ" ಎನ್ನುತ್ತಿದ್ದರು ಕೆಳಗೆ. "ಬರ್ಕೊಂಡಿದ್ದೀವಿ" ಎನ್ನುತ್ತಿದ್ದರು ಮೇಲೆ.

"ಆ ಡಾಕ್ಟರುಗಳಿಗೆ ಮೆಟ್ಟಿಲು ಇಳಿಯೋಕೆ ಮಂಡಿನೋವೇನೇ?" ಎಂದರು ನಮ್ಮ ಅತ್ತೆ.

ನಾನು ನಕ್ಕೆ. ಅವರವರು ಮಾತಾಡಿಕೊಂಡಿರುತ್ತಾರೆ, ಒಬ್ಬರ ಕಾಗದ ಇನ್ನೊಬ್ಬರು ಓದಿರುತ್ತಾರೆ ಎಂದು ನಂಬಿದ್ದೆ. ನನ್ನ ತಪ್ಪು ಅದೇ. ಕರುಳಿಗೆ ಹಳದಿ ಫೈಲು, ಬೆನ್ನಿಗೆ ನೀಲಿ; ಒಳಗಿನ ಹಾಳೆಗಳೂ ಅದೇ ಬಣ್ಣ. ಕೌಂಟರಿನಾಕೆ ತನ್ನ ಮಹಡಿಯದನ್ನು ಮಾತ್ರ ಒಳಗೆ ಕಳಿಸಿ, ಇನ್ನೊಂದನ್ನು ನನ್ನ ಕೈಗೇ ತಿರುಗಿ ಕೊಡುತ್ತಿದ್ದಳು. ಅವರು ಬರೆದದ್ದು ಇವರು ನೋಡಿಯೇ ಇರಲಿಲ್ಲ.

ಬ್ಯಾಗು ಹೊಲಿಯುವುದು ನನ್ನ ಕಸುಬು. ಒಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಬಟಾಣಿ ಮಲಗಿದ್ದಾಗ, ಎರಡೂ ಫೈಲು ಬಿಚ್ಚಿದೆ. ತಾರೀಕಿನ ಪ್ರಕಾರ ಹಾಳೆ ಜೋಡಿಸಿದೆ: ಒಂದು ಹಳದಿ, ಒಂದು ನೀಲಿ, ಮತ್ತೆ ಹಳದಿ. ದಬ್ಬಳದಲ್ಲಿ ಎರಡೆಳೆ ದಾರ ಹಾಕಿ ಕಟ್ಟಿನ ಬೆನ್ನಿಗೆ ಬಿಗಿಯಾಗಿ ಹೊಲಿದೆ.

ಮಂಗಳವಾರ ಕೌಂಟರಿನಾಕೆ ಕಣ್ಣು ಕೆಕ್ಕರಿಸಿದಳು. "ಯಾರಮ್ಮ ಇದನ್ನ ಹೊಲಿದಿದ್ದು?"

"ನಾನೇ."

"ಇದೇನು ದಿಂಬಾ, ಹೊಲಿಯೋಕೆ? ಬಿಚ್ಚಿ."

"ಬಿಚ್ಚಿದ್ರೆ ಹಾಳೆ ಹರಿಯುತ್ತೆ. ನೀವೇ ಬಿಚ್ಚಿಕೊಡಿ."

ಅವಳು ಎಳೆದಳು, ಉಗುರು ಹಾಕಿದಳು. ನನ್ನ ಹೊಲಿಗೆ ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಆಂಟಿ, ಹಲ್ಲಲ್ಲಿ ಕಚ್ಚಿ!" ಎಂದಳು ಬಟಾಣಿ. ಹಿಂದಿನ ಸಾಲು ಗೊಳ್ಳೆಂದಿತು.

"ಹೋಗಿ, ಒಳಗೆ ನೀವೇ ಬೈಸ್ಕೊಳ್ಳಿ."

ಡಾಕ್ಟರಮ್ಮ ಬೈಯಲಿಲ್ಲ. ಹಾಳೆ ತಿರುವಿದರು. ಹಳದಿಯಲ್ಲಿ 'ಬೆನ್ನಿನ ಆಪರೇಷನ್ ಆದ ಮೇಲೆ', ನೀಲಿಯಲ್ಲಿ 'ಕರುಳಿನ ಚಿಕಿತ್ಸೆ ಆದ ಮೇಲೆ'. ಮತ್ತೆ ಹಳದಿ, ಮತ್ತೆ ನೀಲಿ. ಫೋನು ಎತ್ತಿಕೊಂಡರು. "ನೀವು ನಮಗೆ ಕಾಯ್ತಾ ಇದ್ರಾ? ನಾವು ನಿಮಗೆ ಕಾಯ್ತಾ ಇದ್ವಲ್ರೀ!"

ಬೆನ್ನಿನ ಡಾಕ್ಟರು ಇಳಿದು ಬಂದರು. ಒಂದು ವಾರ ಮೊದಲೇ ಅಡ್ಮಿಟ್ ಮಾಡಿ, ದಿನಾ ನಳಿಕೆಯಿಂದ ಕರುಳು ತೊಳೆದು ಚೊಕ್ಕಟವಾಗಿಡುವುದು, ಆಮೇಲೆ ಬೆನ್ನು, ಕರುಳಿನ ಮಾತು ಆ ಗಾಯ ಮಾಗಿದ ನಂತರ. ಎಲ್ಲ ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ನನಗೆ ಸಂತೋಷವಾಗಬೇಕಿತ್ತು. ಆ ಹತ್ತು ನಿಮಿಷ ನೋಡಿ ಹೊಟ್ಟೆ ಉರಿದುಹೋಯಿತು.

"ಪಾದ ಮೇಲಕ್ಕೆತ್ತು ನೋಡೋಣ ಪುಟ್ಟಾ" ಎಂದರು ಬೆನ್ನಿನ ಡಾಕ್ಟರು. ಬಲಪಾದ ಎದ್ದಿತು. ಎಡದ್ದು ಏಳಲಿಲ್ಲ. ಬಟಾಣಿ ಅದನ್ನು ಕೈಯಿಂದ ಎತ್ತಿ ತೋರಿಸಿ, "ಎದ್ತು" ಎಂದಳು.

"ಇನ್ನಷ್ಟು ಹಾಳಾಗದ ಹಾಗೆ ನೋಡ್ಕೋತೀವಿ. ಆಗಿಹೋಗಿದ್ದು ಸರಿಹೋಗುತ್ತೆ ಅಂತ ಮಾತು ಕೊಡೋಕಾಗಲ್ಲಮ್ಮ." ಸಹಿಯ ಕಾಗದ ಮುಂದಿಟ್ಟರು. ಅದರಲ್ಲಿ ಒಂದು ಸಾಲು: 'ಎಡಪಾದದ ದೌರ್ಬಲ್ಯ ಶಸ್ತ್ರಚಿಕಿತ್ಸೆಗೆ ಮೊದಲೇ ಇದೆ.'

"ಯಾವತ್ತಿಂದ ಅಂತಾನೂ ಬರೀರಿ ಸಾರ್."

"ಅದು ಬೇಕಾಗಲ್ಲ."

"ನಂಗೆ ಬೇಕು. ಮೊದಲ ಸಲ ಹೇಳಿದ ದಿನ ಆ ನೀಲಿ ಹಾಳೇಲಿದೆ. ನಿಮ್ಮ ಕೈಬರಹಾನೇ."

ಅವರು ಹಿಂದಕ್ಕೆ ತಿರುವುತ್ತಾ ಹೋದರು. ಸಿಕ್ಕಿತು. ಪೆನ್ನಿನ ಮುಚ್ಚಳ ತೆಗೆದರು. ನಂತರ ಎಂಟು ತಿಂಗಳ ಹಿಂದಿನ ತಾರೀಕು ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು.

ಎರಡು ಸಲ ಓದಿಕೊಂಡೆ. ಆಮೇಲೆ ಸಹಿ ಮಾಡಿದೆ.