ಎಡಗೈ ತೋರುಬೆರಳು

ದಿವ್ಯಶ್ರೀ ನಿಂಬೆಹೋಳನ್ನು ಗಂಡನ ತೋರುಬೆರಳಿಗೆ ಒತ್ತಿ ಉಜ್ಜುತ್ತಲೇ ಇದ್ದಳು. ಹೋಳು ಹಿಂಡಿ ಸಿಪ್ಪೆ ಉಳಿಯಿತು. ಉಗುರಿನಿಂದ ಚರ್ಮಕ್ಕೆ ಇಳಿದಿದ್ದ ಗೆರೆ ಮಾತ್ರ ಹಾಗೆಯೇ ಇತ್ತು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.

"ಸಾಕು ಬಿಡೇ ಮಾರಾಯ್ತಿ," ಎಂದಳು ಜಗದಾಂಬಾ, ಅತ್ತೆ ಕಾಳಮ್ಮನ ತಂಗಿ. "ಅದು ಸರ್ಕಾರದ ಮಸಿ. ನಿಂಬೆಹಣ್ಣಿಗೆಲ್ಲ ಹೋಗೋ ಹಾಗಿದ್ರೆ ನಮ್ಮ ಓಲ್ಡ್ ಟೌನಲ್ಲಿ ಒಬ್ಬೊಬ್ರೂ ನಾಲ್ಕು ನಾಲ್ಕು ಓಟು ಹಾಕ್ತಿದ್ರು."

ಬಾಗಿಲ ಬಳಿ ಯಾರೋ ನಕ್ಕರು. ನಗು ಬಂದದ್ದಕ್ಕೆ ನಾಚಿ ಕೆಮ್ಮಿದರು.

"ಓಟು ಹಾಕಿದ ಗುರುತು ತಾನೇ. ಇರ್ಲಿ ಬಿಡು ಮಗಾ," ಎಂದಳು ಕಾಳಮ್ಮ. ಅತ್ತು ಅತ್ತು ಅವಳ ದನಿ ಒಡೆದಿತ್ತು.

ಅದು ಓಟಿನ ಗುರುತಲ್ಲ ಎಂಬುದು ಆ ನಡುಮನೆಯಲ್ಲಿ ದಿವ್ಯಶ್ರೀಗೆ ಮಾತ್ರ ಗೊತ್ತಿತ್ತು. ಚುನಾವಣೆಯ ಕೆಲಸಕ್ಕೆ ಹೋಗುವವನೆಂದು ಹರಿಪ್ರಸಾದ್ ಮೊದಲೇ ಅಂಚೆ ಮತ ಹಾಕಿದ್ದ. ಅಂಚೆ ಮತಕ್ಕೆ ಮಸಿ ಇಲ್ಲ. ಈ ಗೆರೆ ಎಳೆದವಳು ಮೀರಾ.

* * *

ಆದೇಶದ ಹಾಳೆ ಬಂದದ್ದು ಏಪ್ರಿಲ್‌ನಲ್ಲಿ. ಮಲವಗೊಪ್ಪದ ಶಾಲೆಯೊಂದರ ಮತಗಟ್ಟೆ. ಮತಗಟ್ಟೆಯ ಅಧಿಕಾರಿ ಭೀಮೇಶ್. ಮತದಾರರ ಪಟ್ಟಿ ನೋಡುವವನು ಹರಿಪ್ರಸಾದ್. ಬೆರಳಿಗೆ ಮಸಿ ಹಚ್ಚುವವಳು ಮೀರಾ, ಶಿಕ್ಷಕಿ, ಶಿವಮೊಗ್ಗ. ಹರಿಪ್ರಸಾದನ ಹೆಸರಿನ ಕೆಳಗೇ ಅವಳ ಹೆಸರು ಅಚ್ಚಾಗಿತ್ತು, ಮದುವೆಯ ಕಾಗದದಲ್ಲಿ ಇರುವ ಹಾಗೆ.

ದಿವ್ಯಶ್ರೀ ಎಂ.ಎ. ಮಾಡಿದವಳು. ಶಿಕ್ಷಕರ ನೇಮಕಾತಿಗೆ ಇಬ್ಬರೂ ಒಟ್ಟಿಗೆ ಓದಿ ಒಟ್ಟಿಗೆ ಪರೀಕ್ಷೆ ಬರೆದಿದ್ದರು. ಪಟ್ಟಿಯಲ್ಲಿ ಅವನ ಹೆಸರಿತ್ತು, ಅವಳದಿರಲಿಲ್ಲ. ಅವನಿಗೆ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಅವಳು ಸಿಹಿ ಹಂಚಿದ್ದಳು, ಪುಸ್ತಕಗಳನ್ನು ಅಟ್ಟದ ಮೇಲಿಟ್ಟಿದ್ದಳು.

ತರಬೇತಿ ಮುಗಿಸಿ ಬಂದ ದಿನ ಅವನು, "ಮೀರಾ ಮೇಡಂ ಸ್ಕೂಟಿಲಿ ಬಸ್ ಸ್ಟ್ಯಾಂಡ್‌ವರೆಗೆ ಬಿಟ್ರು. ಸವಳಂಗ ರಸ್ತೇಲಿ ಅವರ ಮನೆ," ಎಂದ.

"ಬಸ್ ಸ್ಟ್ಯಾಂಡ್ ಆ ಕಡೆ ಅಲ್ವಲ್ಲ."

"ಅದಕ್ಕೇ ಮತ್ತೆ ಎರಡು ಸಲ ಥ್ಯಾಂಕ್ಸ್ ಹೇಳಿದ್ದು."

ಅವಳಿಗೆ ನಗು ಬರಲಿಲ್ಲ. ಹಿಂದೆ ಓಟಿನ ದಿನವೆಂದರೆ ಇಬ್ಬರದೂ ಒಂದು ಪದ್ಧತಿ ಇತ್ತು. ಸಾಲಿನಲ್ಲಿ ನಿಂತು ಓಟು ಹಾಕಿ ಬಂದು, ಗೇಟಿನ ಹೊರಗೆ ಎರಡು ಬೆರಳು ಜೋಡಿಸಿ ಫೋಟೋ ತೆಗೆಯುವುದು. ಮದುವೆಯಾದ ಮೇಲೆ ಮೂರು ಚುನಾವಣೆ, ಮೂರು ಫೋಟೋ. ಯಾರಿಗೂ ತೋರಿಸಿದ್ದಲ್ಲ. ಈ ಸಲ ಅವನು, "ನಿನ್ನ ಬೆರಳು ಒಂಟಿ," ಎಂದು ಛೇಡಿಸಿದ್ದ. ಬುಧವಾರ ಅವಳು ಒಬ್ಬಳೇ ಹೋಗಿ ಓಟು ಹಾಕಿ ಬಂದಳು.

* * *

ಹೊರಗೆ ಶಾಮಿಯಾನದಡಿ ಗಂಡಸರ ಮಾತು ಒಳಗೆ ಕೇಳುತ್ತಿತ್ತು.

"ನಾಳೆ ಈ ಹೊತ್ತಿಗೆಲ್ಲ ಗೊತ್ತಾಗುತ್ತೆ. ನಮ್ಮ ವಾರ್ಡಲ್ಲಿ ಬೆಳಿಗ್ಗೆನೇ ಎಪ್ಪತ್ತು ಪರ್ಸೆಂಟ್."

"ನಿನ್ನ ಬಾಯಲ್ಲಿ ಯಾವಾಗ್ಲೂ ಎಪ್ಪತ್ತೇ. ಸುಮ್ನಿರು, ಸಾವಿನ ಮನೆ."

ಕಾರು ನಿಂತ ಸದ್ದಾಯಿತು. ಇಳಿದವರು ಭೀಮೇಶ್ ಮತ್ತು ಮೀರಾ. ಮಾವ ಸುಬ್ಬಪ್ಪ ಭೀಮೇಶನ ಕೈ ಹಿಡಿದುಕೊಂಡ. ಅವನಿಗೆ ಕೇಳಬೇಕಾದದ್ದು ಒಂದೇ ಇತ್ತು.

"ಅವನು ಹಾಕಿದ ಓಟು ಲೆಕ್ಕಕ್ಕೆ ಬರುತ್ತಾ ಸರ್?"

"ಬರುತ್ತೆ ಯಜಮಾನ್ರೇ. ಅಂಚೆ ಓಟನ್ನೇ ಮೊದಲು ಎಣಿಸೋದು."

"ಬರ್ಲಿ," ಎಂದ ಸುಬ್ಬಪ್ಪ. "ಅದಾದ್ರೂ ಬರ್ಲಿ."

ಮೀರಾ ಒಳಗೆ ಬಂದಳು. ದಿವ್ಯಶ್ರೀಯ ವಯಸ್ಸೇ ಇರಬೇಕು. ಹೊರಗೇ ಅತ್ತಿದ್ದಳು, ಹೆಣದ ಮುಖ ನೋಡಿ ಮತ್ತೆ ಅತ್ತಳು. ದಿವ್ಯಶ್ರೀಗೆ ನಿನ್ನೆಯಿಂದ ಒಂದು ಹನಿಯೂ ಬಂದಿರಲಿಲ್ಲ. ಅವಳು ಆ ಕಣ್ಣೀರನ್ನೇ ನೋಡುತ್ತ ಕುಳಿತಳು. ತನ್ನ ಮನೆಯಲ್ಲಿ, ತನ್ನ ಗಂಡನಿಗೆ, ತನ್ನಿಂದ ಆಗದ್ದನ್ನು ಇವಳು ಎಷ್ಟು ಸಲೀಸಾಗಿ ಮಾಡುತ್ತಿದ್ದಾಳೆ. ಕಣ್ಣೊರೆಸಿಕೊಳ್ಳುತ್ತಿದ್ದ ಬೆರಳ ತುದಿಗಳು ಮಸಿ ಹಿಡಿದು ಕಪ್ಪಾಗಿದ್ದವು.

* * *

ಹರಿಪ್ರಸಾದ್ ಕೆಲಸ ಮುಗಿಸಿ ಬಂದದ್ದು ಗುರುವಾರ, ಹಾಲಿನವನು ಬರುವ ಹೊತ್ತಿಗೆ. ಬಂದವನೇ ಮಲಗಿದ. ಕಾಫಿ ತಂದ ದಿವ್ಯಶ್ರೀಗೆ ಮಂಚದಿಂದ ಇಳಿಬಿದ್ದ ಎಡಗೈ ಕಂಡಿತು. ಅಂಚೆ ಮತ ಹಾಕಿದವನ ಬೆರಳಲ್ಲಿ ಮಸಿ. ಕಾಫಿ ಆರಿತು. ಅವನು ಎದ್ದಾಗ ಮಧ್ಯಾಹ್ನ.

"ಯಾರು ಹಾಕಿದ್ದು ಇದು?"

ಅವನು ನಿದ್ದೆಗಣ್ಣಲ್ಲಿ ಬೆರಳೆತ್ತಿ ನಕ್ಕ. "ಮೀರಾ ಮೇಡಂ. ನಿನ್ನ ಫೋನ್ ತಗೊಂಡ್ ಬಾ."

"ಅವರಿಗೇ ಹೇಳಿ. ತಂದು ಕೊಡ್ತಾರೆ."

ಅಡಿಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಯಾರಿಗೂ ಬೇಡದ ಚಟ್ನಿಯನ್ನು ನುಣ್ಣಗೆ ಅರೆದಳು. "ದಿವ್ಯಾ" ಎಂದದ್ದು ಕೇಳಿಸಿತು. ಮಿಕ್ಸಿ ನಿಲ್ಲಿಸಲಿಲ್ಲ. ಹೊರಗೆ ಬಂದಾಗ ಅವನು ಮತ್ತೆ ಮಗ್ಗುಲಾಗಿದ್ದ. ನಾಲ್ಕು ಗಂಟೆಗೆ ಎದೆ ಉರಿ ಎಂದ. ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

* * *

"ಇದನ್ನ ಹಾಕಿದ್ದು ನೀವೇ ಅಲ್ವಾ?" ಎಂದಳು ದಿವ್ಯಶ್ರೀ.

ಮೀರಾ ಬಾಗಿಲಲ್ಲಿದ್ದ ಭೀಮೇಶನ ಮುಖ ನೋಡಿದಳು.

"ಮೇಡಂ, ಅದೆಲ್ಲ ಇಲ್ಲಿ ಯಾಕೆ," ಎಂದ ಭೀಮೇಶ್ ದನಿ ತಗ್ಗಿಸಿ. "ರೂಲ್ಸ್ ಪ್ರಕಾರ ಹಾಗೆ ಮಾಡೋ ಹಾಗಿಲ್ಲ. ನಾನು ಬೇಡ ಅಂದಿದ್ದೆ."

"ಅವರೇ ಕೇಳಿದ್ರು," ಎಂದಳು ಮೀರಾ. "ಓಟಿಂಗ್ ಮುಗಿದು ಮಸಿ ಸೀಸೆಗೆ ಮುಚ್ಚಳ ಹಾಕ್ತಿದ್ದೆ. ನಂಗೂ ಒಂದು ಗೆರೆ ಎಳೀರಿ ಮೇಡಂ, ಮನೇಲಿ ಫೋಟೋ ತೆಗೀಬೇಕು, ನಮ್ಮೋಳ ಬೆರಳು ಒಂದೇ ಆಗಿಬಿಡುತ್ತೆ ಅಂದ್ರು. ಫೋನಲ್ಲಿ ಹಳೇ ಫೋಟೋನೂ ತೋರಿಸಿದ್ರು. ಮೂರು." ಹೆಣದ ಬೆರಳು ನೋಡಿ ಕೇಳಿದಳು, "ತೆಗೆದ್ರಾ?"

ದಿವ್ಯಶ್ರೀಯ ಎದೆಯಿಂದ ಕಲ್ಲೊಂದು ಇಳಿಯಬೇಕಿತ್ತು. ಇಳಿಯಲಿಲ್ಲ. ಆ ಮೂರು ಫೋಟೋಗಳನ್ನು ಅತ್ತೆಗೂ ತೋರಿಸಿರಲಿಲ್ಲ. ಇವಳು ನೋಡಿದ್ದಾಳೆ. ಅವನು ಯಾಕೆ ಫೋನ್ ಕೇಳಿದ ಎಂಬುದು ಹೆಂಡತಿಗಿಂತ ಮೊದಲು ಇವಳಿಗೆ ಗೊತ್ತಿತ್ತು.

"ಹೊತ್ತಾಯ್ತು, ಎತ್ತೋಣ," ಎಂದರು ಹೊರಗಿನಿಂದ.

ದಿವ್ಯಶ್ರೀ ಎದ್ದು ಗೂಡಿನಲ್ಲಿದ್ದ ಫೋನ್ ತಂದಳು. ಹೆಣದ ಪಕ್ಕ ಕುಳಿತು ತನ್ನ ಎಡಗೈಯನ್ನು ಅವನ ಎಡಗೈಗೆ ಜೋಡಿಸಿದಳು. ಇನ್ನೊಂದು ಕೈಯಿಂದ ಫೋನನ್ನು ಮೀರಾಳ ಮುಂದೆ ಹಿಡಿದಳು.

"ಇದೇನೇ ಇದು ಅವತಾರ," ಎಂದಳು ಜಗದಾಂಬಾ.

"ತೆಗೀಲಿ ಬಿಡು," ಎಂದ ಸುಬ್ಬಪ್ಪ ಬಾಗಿಲಿಂದ.

ಹೊದಿಸಿದ್ದ ಬಿಳಿ ಬಟ್ಟೆ ಅವನ ಬೆರಳ ಮೇಲೆ ಜಾರಿ ಜಾರಿ ಬರುತ್ತಿತ್ತು. ಮೀರಾ ಒಂದು ಕೈಯಲ್ಲಿ ಅದನ್ನು ಸರಿಸಿ ಹಿಡಿದು, ಇನ್ನೊಂದರಲ್ಲಿ ಫೋಟೋ ತೆಗೆದಳು.

* * *

ಗಂಡಸರು ಹೋದ ಮೇಲೆ ಮನೆ ತೊಳೆದರು. ಹಿತ್ತಲಿನಿಂದ ಜಗದಾಂಬಾ ಕರೆಯುತ್ತಿದ್ದಳು, ಬಳೆ ತೆಗೆಯಬೇಕಿತ್ತು. ದಿವ್ಯಶ್ರೀ ಒದ್ದೆ ನೆಲದ ಮೇಲೆ ಕುಳಿತು ಫೋನ್ ತೆರೆದಳು.

ಎರಡು ಬೆರಳು, ಎರಡು ಗೆರೆ. ಅವನ ಬೆರಳಿಗೆ ಒತ್ತಿಕೊಂಡಂತೆ, ಬಿಳಿ ಬಟ್ಟೆಯ ಅಂಚಿನಲ್ಲಿ, ಮೀರಾಳ ಕಪ್ಪು ಬೆರಳ ತುದಿಗಳು.

ಅವಳು ಫೋಟೋವನ್ನು ಕತ್ತರಿಸಲು ಚೌಕಟ್ಟಿನ ಗೆರೆಯನ್ನು ಹೆಬ್ಬೆಟ್ಟಿನಿಂದ ಒಳಗೆ ಎಳೆದಳು. ಕಪ್ಪು ತುದಿಗಳು ಹೋದವು. ಜೊತೆಗೆ ಅವನ ಉಗುರೂ ಹೋಯಿತು. ಗೆರೆಯನ್ನು ಹಿಂದಕ್ಕೆ ಬಿಟ್ಟಳು. ಎಲ್ಲ ಬೆರಳುಗಳೂ ಬಂದವು. ಮತ್ತೆ ಎಳೆದಳು, ಈ ಸಲ ಇನ್ನೂ ನಿಧಾನವಾಗಿ, ಕೂದಲೆಳೆಯಷ್ಟು.

"ಬಾರೇ," ಎಂದರು ಹಿತ್ತಲಿನಿಂದ.

ಹೆಬ್ಬೆಟ್ಟು ಜಾರಿತು. ಚೌಕಟ್ಟಿನೊಳಗೆ ಅವಳ ಒಂದೇ ಬೆರಳು ಉಳಿದಿತ್ತು.