ಮೂರನೆಯ ಬಾಟಲಿ

ನನ್ನ ಗಂಡ ಕೇದಾರ ಪಟಾನ್‌ಚೆರುವಿನ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡುವವರು. ಗ್ಯಾಸ್ ಸೋರಿದರೆ ಕೂಗಬೇಕಾದ ಮೀಟರು ಕೆಟ್ಟು ಕೂತಿದೆ. ಹೊಸದು ಬರುವವರೆಗೆ ಕೇದಾರನ ಮೂಗೇ ಮೀಟರು ಎಂದು ಫ್ಯಾಕ್ಟರಿಯವರು ಹಲ್ಲು ಕಿರಿಯುತ್ತಾರೆ, ಪುಣ್ಯಾತ್ಮರು! ಆ ಮೂಗಿನ ಜಂಭಕ್ಕೇ ನಮ್ಮ ಮನೆಯಲ್ಲಿ ಭಾನುವಾರ ಸ್ಕಾಚ್ ಪರೀಕ್ಷೆ. ಬಾಟಲಿಗಳಿಗೆ ಪೇಪರ್ ಸುತ್ತಿ ಗ್ಲಾಸಿಗೆ ಹಾಕಿಕೊಟ್ಟರೆ, ಇವರು ಮೂಸಿ ಗುಣ ಹೇಳಬೇಕು.

ಅವತ್ತು ಮ್ಯಾನೇಜರ್ ಗುರುಸಿದ್ದಪ್ಪನವರೂ ಶಿಫ್ಟ್ ಇನ್‌ಚಾರ್ಜ್ ವಿನಾಯಕನೂ ಬಂದಿದ್ದರು. ಮೊದಲನೆಯದು ತೆಳು, ಎರಡನೆಯದು ಸಿಹಿ ಎಂದಾಯಿತು. ಮೂರನೆಯ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ನನ್ನ ಮೂಗಿಗೇ ಬಡಿಯಿತು. ಹೊಗೆ, ಅದರ ಮೇಲೆ ಆಸ್ಪತ್ರೆಯ ಔಷಧದ ಘಾಟು.

ಇವರು ಕಣ್ಣು ಮುಚ್ಚಿ ಮೂಸಿದರು. "ಆಹಾ! ಜೇನುತುಪ್ಪ, ಮ್ಯಾಲೆ ಸ್ವಲ್ಪ ಒಣದ್ರಾಕ್ಷಿ."

"ಹೌದ್ ನೋಡ್ರಿ, ಜೇನುತುಪ್ಪನ!" ಎಂದ ವಿನಾಯಕ. ಗುರುಸಿದ್ದಪ್ಪನವರೂ ಭಲೇ ಎಂದರು. ಉಂಡ ಮನೆಯ ದಾಕ್ಷಿಣ್ಯ ಇರಬೇಕು ಎಂದುಕೊಂಡೆ.

ಆದರೆ ಇವರ ಮೂಗಿಗೆ ಏನಾಯಿತು? ಇವರನ್ನು ಒಳಗೆ ಕರೆದು, ಕಣ್ಣು ಮುಚ್ಚಿಸಿ, ಇಂಗಿನ ಡಬ್ಬಿ ಹಿಡಿದೆ.

"ಯಾಲಕ್ಕಿ," ಎಂದರು.

"ಯಾವಾಗಿಂದ ವಾಸನಿ ಬರವಲ್ದು?"

"ದೀಪಾವಳಿಯಿಂದ. ಆ ಕೆಮಿಕಲ್ಲೇ ತಿಂದೈತಿ. ಬಾಯಿ ಬಿಡಬ್ಯಾಡ ಸುಹಾಸಿನಿ, ನೌಕರಿ ಹೋಗತೈತಿ."

ನನಗೆ ಮೈಯೆಲ್ಲ ಉರಿಯಿತು. ನೌಕರಿ ಹಾಳಾಗಿ ಹೋಗಲಿ! ಏನಾದರೂ ಸೋರಿದರೆ ಮೊದಲು ಸಾಯುವವರು ಇವರು, ಹಿಂದೆಯೇ ಇವರ ಮೂಗು ನಂಬಿದವರೆಲ್ಲ. ಸೀದಾ ಹೊರಗೆ ಬಂದೆ.

"ಸಾಹೇಬ್ರ, ಇವರಿಗೆ ವಾಸನಿ ಬರೂದಿಲ್ರಿ. ಆ ಕೆಲಸಕ್ಕ ಕಳಸಬ್ಯಾಡ್ರಿ. ಅದರಾಗ ಜೇನುತುಪ್ಪನೂ ಇಲ್ಲ, ಸುಡುಗಾಡೂ ಇಲ್ಲ. ಬರೇ ಹೊಗಿ ನಾರಾಕತ್ತೈತಿ!"

ಇವರು ತಲೆ ತಗ್ಗಿಸಿದರು. ಗುರುಸಿದ್ದಪ್ಪನವರು ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಗ್ಲಾಸನ್ನು ಮೂಗಿಗೆ ಹಿಡಿದು ಉಸಿರೆಳೆದರು. ಮತ್ತೆ ಎಳೆದರು. ವಿನಾಯಕನ ಕೈಗೆ ಕೊಟ್ಟರು. ಅವನೂ ಮೂಸಿ, ನೆಲ ನೋಡುತ್ತ ಕೆಳಗಿಟ್ಟ.

"ಖರೇನ ಹೊಗಿ ವಾಸನಿ ಐತೇನ್ರಿ, ವೈನಿ?" ಗುರುಸಿದ್ದಪ್ಪನವರು ಮೆಲ್ಲಗೆ ಕೇಳಿದರು.

ಮರುದಿನ ಮೂವರೂ ಕಂಪನಿ ಬಸ್ಸು ಹತ್ತಿದರು. ನಾನು ರಸ್ತೆಯವರೆಗೂ ಓಡಿದೆ, ಬೈದೆ, ಅತ್ತೆ. ಒಬ್ಬರೂ ಇಳಿಯಲಿಲ್ಲ.